ದರ್ಜಿಯ ಜಗಲಿಯಿಂದ ಪೀಣ್ಯದವರೆಗೆ

ಪೊಲೀಸರ, ಸಿಡುಬು–ಪ್ಲೇಗುಗಳ ಚರಿತ್ರೆ ಬರೆದ ವಿದ್ವಾಂಸರೊಬ್ಬರು ಹೊಲಿಗೆ ಯಂತ್ರದ ಬೆನ್ನು ಹತ್ತಿದರೆಂದರೆ ವಿಚಿತ್ರವೆನಿಸಬಹುದು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಆರ್ನಾಲ್ಡ್ ಮಾಡಿದ್ದು ಅದನ್ನೇ. 1986ರಲ್ಲಿ ಮದ್ರಾಸ್ ಪ್ರಾಂತದ ಪೊಲೀಸರ ಬಗ್ಗೆ, 1993ರಲ್ಲಿ ಬ್ರಿಟಿಷರ ಕಾಲದ ವೈದ್ಯ ಹಾಗೂ ಸಾಂಕ್ರಾಮಿಕ ರೋಗಗಳ ಬಗ್ಗೆ ಗ್ರಂಥ ತಂದ ಅವರು, 2013ರ 'ಎವೆರಿಡೇ ಟೆಕ್ನಾಲಜಿ'ಯಲ್ಲಿ ಎತ್ತಿಕೊಂಡದ್ದು ಸೈಕಲ್, ಟೈಪ್‌ರೈಟರ್, ಅಕ್ಕಿ ಗಿರಣಿ ಮತ್ತು ಹೊಲಿಗೆ ಯಂತ್ರವನ್ನು. ರೈಲಿನಂಥ ದೊಡ್ಡ ಯಂತ್ರಗಳ ಕಥೆಯಲ್ಲಿ ಸರ್ಕಾರವೇ ನಾಯಕ. ಸಣ್ಣ ಯಂತ್ರಗಳನ್ನಾದರೋ ಜನ ತಾವೇ ಕೊಂಡು, ತಮಗೆ ಬೇಕಾದಂತೆ ಒಗ್ಗಿಸಿಕೊಂಡರು ಎಂಬುದು ಅವರ ವಾದದ ತಿರುಳು.

ಹೊಲಿಗೆ ಯಂತ್ರವೇ ಇದಕ್ಕೆ ಒಳ್ಳೆಯ ಸಾಕ್ಷಿ. 1851ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಐಸಾಕ್ ಸಿಂಗರ್ ಅವರ ಕಂಪನಿ ಮನೆಯೊಡತಿಯನ್ನೇ ಗಿರಾಕಿ ಎಂದು ಬಗೆದಿತ್ತು. ನಮ್ಮಲ್ಲಿ ಅದನ್ನು ಹೆಚ್ಚಾಗಿ ಕೊಂಡವನು ದರ್ಜಿ. ಯಂತ್ರ ಅಡುಗೆಮನೆಯ ಪಕ್ಕಕ್ಕೆ ಹೋಗದೆ ಬಟ್ಟೆ ಅಂಗಡಿಯ ಜಗಲಿಯೇರಿತು. ಕೈಯಲ್ಲಿ ಕಾಸಿಲ್ಲದವರಿಗೆ ಕಂತಿನ ಏರ್ಪಾಡೂ ಇತ್ತು. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ನೀಡಿದರು. ಖಾದಿಯನ್ನೂ ಹೊಲಿಯಲೇಬೇಕಲ್ಲ! 1930ರ ದಶಕದಲ್ಲಿ ಕಲ್ಕತ್ತದಿಂದ ಸ್ವದೇಶಿ 'ಉಷಾ' ಬಂತು. ಕ್ರಮೇಣ ರವಿಕೆ, ಲಂಗ ಹೊಲಿದು ನಾಲ್ಕು ಕಾಸು ಸಂಪಾದಿಸುವ ಹೆಂಗಸರ ಮನೆಗೂ ಯಂತ್ರ ಹೊಕ್ಕಿತು.

ಮುಂದಿನ ಅಧ್ಯಾಯಕ್ಕೆ ಗ್ರಂಥಭಂಡಾರ ಬೇಡ. ಬಾಗಲಗುಂಟೆಯಿಂದ ಪೀಣ್ಯದ ಕಡೆಗೆ ಹೊರಟರೆ ಸಾಕು. ಇಲ್ಲಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕೂತವರಲ್ಲಿ ಹೆಂಗಸರೇ ಹೆಚ್ಚು. ಕಾಲಿನಿಂದ ತುಳಿಯುವ ಕಷ್ಟವಿಲ್ಲ, ಮೋಟಾರಿದೆ. ಆದರೆ ಒಬ್ಬಳು ಕಾಲರ್, ಇನ್ನೊಬ್ಬಳು ತೋಳು; ಪೂರ್ತಿ ಅಂಗಿ ಯಾರದೂ ಅಲ್ಲ. ಜಗಲಿಯ ದರ್ಜಿ ತನ್ನ ಯಂತ್ರಕ್ಕೆ ತಾನೇ ಧಣಿ. ಇವರಿಗೆ ಗಂಟೆಗಿಷ್ಟು ಎಂಬ 'ಟಾರ್ಗೆಟ್' ಇದೆ. ಅಂಗಿ ಹಡಗು ಹತ್ತಿ ಯಾವುದೋ ದೇಶದ ಮಳಿಗೆ ಸೇರುತ್ತದೆ. ಕೊಳ್ಳುವವರ ಚರಿತ್ರೆ ಬರೆಯುವವರು ಹೊಲಿಯುವವರನ್ನು ಬಿಟ್ಟರೆ ಅದು ಅರ್ಧ ಚರಿತ್ರೆ ಎಂದೇ ಈ ವರದಿಗಾರನ ಅನಿಸಿಕೆ.

ಈ ಹೆಂಗಸರು ದೇಶದ ಕಣ್ಣಿಗೆ ಬಿದ್ದದ್ದು 2016ರ ಏಪ್ರಿಲ್‌ನಲ್ಲಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಅಷ್ಟು ವಯಸ್ಸಿನವರೆಗೆ ಯಂತ್ರದ ಮುಂದೆ ಕೂರುವವರೆಷ್ಟು ಮಂದಿ? ಕೆಲಸ ಬಿಟ್ಟಾಗ ಕೈಸೇರುವ ಆ ಗಂಟೇ ಮಗಳ ಮದುವೆಗೆ, ಸಾಲದ ತೀರುವಳಿಗೆ ಆಧಾರ. ಅವರು ಹೊಸೂರು ರಸ್ತೆಗೆ, ಜಾಲಹಳ್ಳಿ ಕ್ರಾಸಿಗೆ ಇಳಿದರು. ಲಾಠಿ ಬೀಸಿತು, ಬಸ್ಸುಗಳು ಸುಟ್ಟವು. ಏಪ್ರಿಲ್ 19ರಂದು ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.