ಹೊಂಗೆಯ ಬುಡ, ನೀಲಗಿರಿಯ ಬುಡ

ಮರ ನೆಡುವಾಗ ನಾವು ಅದರ ಎತ್ತರ ಲೆಕ್ಕ ಹಾಕುತ್ತೇವೆ. ನಮ್ಮ ಹಿರಿಯರು ಬುಡದಲ್ಲಿ ಏನು ಬೆಳೆದೀತೆಂದೂ ನೋಡುತ್ತಿದ್ದರು.

ಹಳೆಯ ಮೈಸೂರು ಸೀಮೆಯಲ್ಲಿ ಹೊಲದ ಬದುವಿಗೆ ಹೊಂಗೆಯೇ ಒಪ್ಪಿದ ಮರ. ಸೊಪ್ಪನ್ನು ಗದ್ದೆಯ ಕೆಸರಿಗೆ ತುಳಿಯುತ್ತಿದ್ದರು. ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಮತ್ತೆ ಮಣ್ಣಿಗೆ. ಅವರೆ, ಹುರುಳಿಗಳ ಕುಲದ ಈ ಮರದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ.

ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಿತು. ಕೋಲಾರದ ಕಡೆ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದಿತು. ಕಾಗದ, ರೇಯಾನ್ ಕಾರ್ಖಾನೆಗಳಿಗೆ ಅನುಕೂಲವಾಯಿತು, ನಿಜ; ರಾಗಿಗೆ ಆಗಲಿಲ್ಲ. ಅದರ ಬೇರು ಆಳದ ತೇವವನ್ನೂ ಹೀರುತ್ತದೆ; ಉದುರಿದ ಎಲೆ ಬೇಗ ಕೊಳೆಯದೆ, ಬೇರೆ ಬೀಜ ಮೊಳೆಯಲು ಅಡ್ಡಿಯಾಗುತ್ತದೆ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಬಿತ್ತಿ ಬಂಧನಕ್ಕೊಳಗಾದರು. ಬರಿದೆ ಕಿತ್ತುಹಾಕಿ ಹಿಂದಿರುಗಲಿಲ್ಲವೆಂಬುದು ಗಮನಿಸತಕ್ಕದ್ದು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಮೂವತ್ತನಾಲ್ಕು ವರ್ಷ ಕಳೆದ ಮೇಲೆ!

ನಮ್ಮ ಮಾದಾಪುರದ್ದೂ ಬಂಡೆಯ ನೆಲ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಮಣ್ಣು ಕಾಣುವುದೇ ಅಪರೂಪ. ಅಂಗಳವಿದ್ದವರು ಇಲ್ಲಿಯವರು ಕಾನುಗ ಎನ್ನುವ ಹೊಂಗೆಯನ್ನೇ ನೆಡಬಹುದು. ತುಳಸಿ, ಗುಲಾಬಿಗಳಿಗೆ ಬಿಸಿಲು ಬೇಕು, ದೂರವಿರಲಿ. ಕನಕಾಂಬರ, ಅರಿಶಿನ ಅರೆನೆರಳಿನಲ್ಲಿ ಬರುತ್ತವೆ. ಉದುರಿದ ಎಲೆಯನ್ನು ಗುಡಿಸಿ ಸುಡದೆ ಅವುಗಳ ಬುಡಕ್ಕೇ ಹಾಕಿ.