ಫ್ರಾಂಚೈಸಿ ಮಳಿಗೆ: ಯಾವುದರಲ್ಲಿ ಎಷ್ಟು ಲಾಭ?

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ಪಟ್ಟಣಗಳ ಹೆದ್ದಾರಿ ಬದಿಯಲ್ಲಿ ಬ್ರಾಂಡ್ ಹೆಸರಿನ ಮಳಿಗೆಗಳು ಇಂದು ಸಾಮಾನ್ಯ ನೋಟ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಮರಳಿದವರು, ನಿವೃತ್ತರು ತಮ್ಮ ಉಳಿತಾಯವನ್ನು ಇವುಗಳಲ್ಲಿ ತೊಡಗಿಸುವುದುಂಟು. ಹಾಗೆ ತೊಡಗಿಸುವ ಮುನ್ನ ಒಟ್ಟು ಲಾಭಕ್ಕೂ ನಿವ್ವಳ ಲಾಭಕ್ಕೂ ಇರುವ ಅಂತರವನ್ನು ಅರಿಯುವುದು ಅವಶ್ಯ. ಮಾರಾಟದ ಹಣದಲ್ಲಿ ಸರಕಿನ ಬೆಲೆ ಕಳೆದರೆ ಒಟ್ಟು ಲಾಭ ದೊರೆಯುತ್ತದೆ. ಅದರಿಂದ ಬಾಡಿಗೆ, ಸಂಬಳ, ವಿದ್ಯುತ್, ರಾಯಲ್ಟಿ ಮುಂತಾದವುಗಳನ್ನು ಕಳೆದು ಉಳಿಯುವುದೇ ನಿವ್ವಳ ಲಾಭ.

ಪೆಟ್ರೋಲ್ ಬಂಕ್: ಇದು ಡೀಲರ್‌ಶಿಪ್ ಆದರೂ ಫ್ರಾಂಚೈಸಿಗೆ ಸಮೀಪದ ವ್ಯವಹಾರ. ಡೀಲರ್ ಕಮಿಷನ್ 2024ರ ಅಕ್ಟೋಬರ್ ಅಂತ್ಯದಲ್ಲಿ ಲೀಟರಿಗೆ ಪೆಟ್ರೋಲಿಗೆ 65 ಪೈಸೆ, ಡೀಸೆಲಿಗೆ 44 ಪೈಸೆಯಷ್ಟು ಏರಿತು. ಆದರೂ ಈ ಕಮಿಷನ್ ಮಾರಾಟ ಬೆಲೆಯ ಶೇ. 5ನ್ನು ಮುಟ್ಟುವುದಿಲ್ಲ. ಇಲ್ಲಿ ಆದಾಯವನ್ನು ನಿರ್ಧರಿಸುವುದು ಮಾರಾಟದ ಪ್ರಮಾಣ.

ಜನೌಷಧಿ ಕೇಂದ್ರ: ಕೇಂದ್ರ ಸರ್ಕಾರದ ಯೋಜನೆಯಂತೆ ತೆರಿಗೆ ಹೊರತಾದ ಗರಿಷ್ಠ ಮಾರಾಟ ಬೆಲೆಯ ಮೇಲೆ ಶೇ. 20 ಅಂತರ ದೊರೆಯುತ್ತದೆ. ತಿಂಗಳಿಗೆ 2 ಲಕ್ಷ ರೂ. ಮಾರಾಟವಾದರೆ ಸುಮಾರು 40 ಸಾವಿರ ರೂ. ಒಟ್ಟು ಲಾಭ. ಫಾರ್ಮಸಿಸ್ಟ್ ಸಂಬಳ, ಬಾಡಿಗೆಗಳಿಗೆ 30 ಸಾವಿರ ರೂ. ಹೋದರೆ ಉಳಿಯುವುದು 10 ಸಾವಿರ, ಅಂದರೆ ಶೇ. 5 ಮಾತ್ರ.

ಸಿದ್ಧ ಉಡುಪು: ಕೆಲವು ಕಂಪನಿಗಳು ಸರಕನ್ನು ತಾವೇ ಇರಿಸಿ, ಮಾರಾಟದ ಮೇಲೆ ಕಮಿಷನ್ ನೀಡುತ್ತವೆ. ಇನ್ನು ಕೆಲವು ಸರಕನ್ನು ಮಾಲೀಕನಿಂದಲೇ ಖರೀದಿಸಿಸುತ್ತವೆ. ಎರಡನೆಯ ಕ್ರಮದಲ್ಲಿ ಅಂತರ ಹೆಚ್ಚಿದ್ದರೂ, ಹಬ್ಬದ ಬಳಿಕ ಉಳಿದ ಬಟ್ಟೆಯ ಹೊರೆ ಮಾಲೀಕನದೇ.

ತಿಂಡಿ-ತಿನಿಸು: ಒಟ್ಟು ಲಾಭ ಇಲ್ಲಿ ಅಧಿಕ, ಅಪಾಯವೂ ಅಧಿಕ. ಉದಾಹರಣೆಗೆ ತಿಂಗಳ ಮಾರಾಟ 3 ಲಕ್ಷ ರೂ., ಸಾಮಗ್ರಿ ವೆಚ್ಚ ಶೇ. 35, ಬಾಡಿಗೆ-ಸಂಬಳ ಇತ್ಯಾದಿ 1.20 ಲಕ್ಷ ರೂ., ರಾಯಲ್ಟಿ ಶೇ. 6 ಎಂದಿಟ್ಟುಕೊಳ್ಳೋಣ. ರಾಯಲ್ಟಿಯ ಮೇಲೆ ಶೇ. 18 ಜಿಎಸ್‌ಟಿ ಇದೆ. ಶೇ. 5 ಜಿಎಸ್‌ಟಿ ವಿಧಿಸುವ ಉಪಾಹಾರ ಗೃಹಗಳು ಅದನ್ನು ಮರಳಿ ಪಡೆಯುವಂತಿಲ್ಲ. ಎಲ್ಲ ಕಳೆದು ಉಳಿಯುವುದು 53,760 ರೂ., ಸುಮಾರು ಶೇ. 18.

ಮಳೆಗಾಲದ ಪೆಟ್ಟು: ಕರಾವಳಿಯಲ್ಲಿ ಜೂನ್, ಜುಲೈ ಎರಡೂ ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಳೆಯಿಂದ ಪ್ರವಾಸಿಗರೂ ವಿರಳ. ಮಾರಾಟ 2 ಲಕ್ಷ ರೂ.ಗೆ ಇಳಿದರೆ ಅದೇ ಮಳಿಗೆಗೆ 4,160 ರೂ. ನಷ್ಟ. ಬಾಡಿಗೆ, ಸಂಬಳ ಇಳಿಯುವುದಿಲ್ಲ. ರಾಯಲ್ಟಿಯನ್ನು ಲಾಭದ ಮೇಲಲ್ಲದೆ ಮಾರಾಟದ ಮೇಲೆ ಲೆಕ್ಕಹಾಕುವುದರಿಂದ ನಷ್ಟದ ತಿಂಗಳಲ್ಲೂ ಅದನ್ನು ತೆರಲೇಬೇಕು.

ಸಹಿಗೆ ಮುನ್ನ: ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ವ್ಯಾಪಾರ ಚಿಹ್ನೆ ಕಾಯ್ದೆ ಮುಂತಾದವು ಅನ್ವಯಿಸುತ್ತವೆ. ಆದ್ದರಿಂದ ಕರಾರು ಪತ್ರದ ಬರಹವೇ ಆಧಾರ. ಆರಂಭಿಕ ಶುಲ್ಕ ಮರಳುವುದೇ, ಉಳಿದ ಸರಕನ್ನು ಕಂಪನಿ ಹಿಂಪಡೆಯುವುದೇ, ಅದೇ ಊರಿನಲ್ಲಿ ಇನ್ನೊಂದು ಮಳಿಗೆಗೆ ಅವಕಾಶವಿದೆಯೇ ಎಂಬುದನ್ನು ಓದಿ ತಿಳಿಯಬೇಕು. ಬೆಂಗಳೂರಿನ ಮಳಿಗೆಯ ಲೆಕ್ಕ ಕುಮಟಾಕ್ಕೆ ಹೊಂದದು. ಇಲ್ಲಿನ ಜುಲೈ ತಿಂಗಳ ಮಾರಾಟವನ್ನು ಅಂದಾಜಿಸಿ, ಆಗಲೂ ಮಳಿಗೆ ನಿಲ್ಲಬಲ್ಲುದಾದರೆ ಮಾತ್ರ ಉಳಿತಾಯದ ಹಣಕ್ಕೆ ಕೈಹಾಕುವುದು ಕ್ಷೇಮ.