ಕಲ್ಲಿನಲ್ಲಿ ನೆಟ್ಟ ಕತ್ತಿ ಮತ್ತು ಯುದ್ಧಕ್ಕೆ ಮದ್ದು

ಕಲ್ಲಿನಲ್ಲಿ ನೆಟ್ಟ ಕತ್ತಿಯನ್ನು ಯಾರು ಕೀಳುತ್ತಾರೋ ಅವರೇ ಇಂಗ್ಲೆಂಡಿನ ರಾಜ. ಬಲಶಾಲಿಗಳೆಲ್ಲ ಕೈಸೋತ ಮೇಲೆ ಹುಡುಗನೊಬ್ಬ ಬಂದು ಅದನ್ನು ಸಲೀಸಾಗಿ ಹೊರಗೆಳೆಯುತ್ತಾನೆ. ಅವನೇ ಆರ್ಥರ್. ಇಂಥ ರಾಜನೊಬ್ಬ ನಿಜಕ್ಕೂ ಇದ್ದನೆಂಬುದಕ್ಕೆ ಗಟ್ಟಿ ಆಧಾರಗಳಿಲ್ಲ. ಆದರೂ ಲ್ಯಾಟಿನ್, ಫ್ರೆಂಚ್ ಭಾಷೆಗಳಲ್ಲಿ ಬೆಳೆಯುತ್ತ ಬಂದ ಅವನ ಕಥೆಗಳನ್ನು 15ನೇ ಶತಮಾನದಲ್ಲಿ ಥಾಮಸ್ ಮ್ಯಾಲರಿ ಸೆರೆಮನೆಯಲ್ಲಿದ್ದುಕೊಂಡು ಇಂಗ್ಲಿಷ್ ಗದ್ಯದಲ್ಲಿ ಹೆಣೆದ. ವಿಲಿಯಂ ಕ್ಯಾಕ್ಸ್‌ಟನ್ 1485ರಲ್ಲಿ ಅದನ್ನು ಅಚ್ಚು ಹಾಕಿದ.

ಈ ಹಳೆಯ ಕಥೆಗೆ 20ನೇ ಶತಮಾನದಲ್ಲಿ ಹೊಸ ಜೀವ ಕೊಟ್ಟವರಲ್ಲಿ ಟಿ.ಎಚ್. ವೈಟ್ ಪ್ರಮುಖರು. 1906ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ವೈಟ್, ಇಂಗ್ಲೆಂಡಿನ ಸ್ಟೋವ್ ಶಾಲೆಯ ಮಾಸ್ತರಿಕೆ ಬಿಟ್ಟು ಕಾಡಂಚಿನ ಗುಡಿಸಲು ಸೇರಿದರು. 1938ರಲ್ಲಿ 'ದಿ ಸೋರ್ಡ್ ಇನ್ ದಿ ಸ್ಟೋನ್' ಪ್ರಕಟವಾಯಿತು. ಮ್ಯಾಲರಿ ಹೇಳದೆ ಬಿಟ್ಟ ಆರ್ಥರನ ಬಾಲ್ಯವೇ ಇದರ ವಸ್ತು. ಗುರು ಮರ್ಲಿನ್ ಕಾಲದಲ್ಲಿ ಹಿಂದುಹಿಂದಕ್ಕೆ ಬದುಕುವ ಮಾಂತ್ರಿಕ; ಮುಂದಾಗುವುದೆಲ್ಲ ಅವನಿಗೆ ಗೊತ್ತು. ಶಿಷ್ಯನನ್ನು ಮೀನಾಗಿ, ಹಕ್ಕಿಯಾಗಿ ಮಾರ್ಪಡಿಸಿ ಪಾಠ ಕಲಿಸುತ್ತಾನೆ. ಬಲವೇ ನ್ಯಾಯ ಎನ್ನುವ ದೊಡ್ಡ ಮೀನೊಂದು ಹುಡುಗನನ್ನು ನುಂಗುವಷ್ಟು ಹತ್ತಿರ ಬರುತ್ತದೆ.

ಮರುವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಐರ್ಲೆಂಡಿನಲ್ಲಿ ಉಳಿದ ವೈಟ್ ಕಥೆಯನ್ನು ಮುಂದುವರಿಸುತ್ತ ಹೋದಂತೆ ಮಕ್ಕಳ ಸಾಹಸಕ್ಕೆ ಬೇರೆಯದೇ ಬಣ್ಣ ಬಂತು. ಯುದ್ಧಕ್ಕೆ ಮದ್ದು ಹುಡುಕುವುದೇ ಆರ್ಥರನ ಕಥೆಯ ತಿರುಳು ಎಂದು ಅವರಿಗೆ ಹೊಳೆಯಿತು. ತೋಳ್ಬಲವನ್ನು ನ್ಯಾಯದ ಕೆಲಸಕ್ಕೆ ಹಚ್ಚಲೆಂದು ಆರ್ಥರ್ ದುಂಡು ಮೇಜಿನ ವೀರರ ಪಡೆ ಕಟ್ಟುತ್ತಾನೆ. ದುಷ್ಟರು ಅಡಗಿದ ಮೇಲೆ ಆ ವೀರರಿಗೆ ಕೆಲಸವಿಲ್ಲ, ತಮ್ಮತಮ್ಮಲ್ಲೇ ಪೈಪೋಟಿಗಿಳಿಯುತ್ತಾರೆ. ಪವಿತ್ರ ಪಾತ್ರೆಯ ಶೋಧಕ್ಕೆ ಕಳುಹಿಸಿದರೆ ಉತ್ತಮರು ಹಿಂತಿರುಗುವುದಿಲ್ಲ. ಕೊನೆಗೆ ಬಲದ ಬದಲು ಕಾನೂನನ್ನು ತರುತ್ತಾನೆ. ಅದೇ ಕಾನೂನು ಅವನ ರಾಣಿಯನ್ನೇ ಸುಡುವ ಶಿಕ್ಷೆಗೆ ಒಪ್ಪಿಸುತ್ತದೆ.

1941ರಲ್ಲಿ ವೈಟ್ ಐದನೆಯ ಭಾಗವನ್ನೂ ಬರೆದು ಕಳುಹಿಸಿದರು. ಕೊನೆಯ ಕದನದ ಹಿಂದಿನ ರಾತ್ರಿ ಮರ್ಲಿನ್ ಮುದಿ ರಾಜನನ್ನು ಇರುವೆ, ಹೆಬ್ಬಾತುಗಳ ನಡುವೆ ಕರೆದೊಯ್ಯುತ್ತಾನೆ. ಇರುವೆಗಳದು ಆಜ್ಞೆಗೆ ತಲೆಬಾಗುವ ರಾಜ್ಯ. ಗಡಿಗಳೇ ಇಲ್ಲದ ಆಕಾಶದಲ್ಲಿ ಹಾರುವ ಹೆಬ್ಬಾತುಗಳಿಗೆ ಸ್ವಜಾತಿಯನ್ನು ಕೊಲ್ಲುವ ಯುದ್ಧವೆಂದರೆ ಅರ್ಥವೇ ಆಗದು. ಪ್ರಕಾಶಕರು ಒಪ್ಪಲಿಲ್ಲ. ವೈಟ್ ಆ ಪ್ರಸಂಗಗಳನ್ನು ಮೊದಲ ಭಾಗಕ್ಕೆ ಸೇರಿಸಿ, 1958ರಲ್ಲಿ ನಾಲ್ಕು ಭಾಗಗಳ 'ದಿ ಒನ್ಸ್ ಅಂಡ್ ಫ್ಯೂಚರ್ ಕಿಂಗ್' ಹೊರತಂದರು. ಐದನೆಯದು ಬೆಳಕು ಕಂಡದ್ದು 1977ರಲ್ಲಿ. ವೈಟ್ ತೀರಿಕೊಂಡು 13 ವರ್ಷಗಳಾಗಿದ್ದವು.

ನಾಲ್ಕನೆಯ ಭಾಗದ ಕೊನೆಯಲ್ಲಿ ಆರ್ಥರ್ ಸೇವಕ ಹುಡುಗ ಟಾಮ್‌ನನ್ನು ಕರೆದು, ನಾಳೆ ನೀನು ಕಾದಬೇಡ, ಬದುಕಿ ಉಳಿದು ಈ ಕಥೆಯನ್ನು ಎಲ್ಲರಿಗೂ ಹೇಳು ಎನ್ನುತ್ತಾನೆ. ಆ ಟಾಮ್ ಬೇರಾರೂ ಅಲ್ಲ, ಥಾಮಸ್ ಮ್ಯಾಲರಿ ಎಂಬುದು ವೈಟ್ ಕೊಡುವ ಸುಳಿವು. ದುಂಡು ಮೇಜು ಒಡೆಯಿತು, ರಾಜನೂ ಸೋತ. ಆದರೆ ಅವನ ವಿಚಾರ ಹುಡುಗನೊಬ್ಬನ ನೆನಪಿನಲ್ಲಿ ಕದನಭೂಮಿಯಿಂದ ಪಾರಾಯಿತು.